ಹೂವಿ ಚಿಕ್ಕಮ್ಮನ ಸೀಗಡಿ ಸಾರು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆಗ ನಾನು ಮೂರನೇ ಕ್ಲಾಸೋ ನಾಲ್ಕನೆಯದೋ ಖಚಿತವಿಲ್ಲ. ಸಾರು ಕುದಿಯುತ್ತಿದ್ದದ್ದು ಮಣ್ಣಿನ ಗಡಿಗೆಯಲ್ಲಿ ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ಅಲ್ಯೂಮಿನಿಯಂ ಪಾತ್ರೆಯೂ ಇದ್ದೀತು. ನೆನಪಿನಲ್ಲಿ ನೋಡಲು ಚೆಂದ ಎಂದು ಗಡಿಗೆಯನ್ನು ನಾನೇ ಆಮೇಲೆ ತಂದು ಒಲೆಯ ಮೇಲೆ ಇಟ್ಟಿರಬಹುದು. ಡೈರಿ ಬರೆಯುವ ಚಟ ನನಗೆ ಎಂ.ಎ. ಓದುವಾಗಿನಿಂದ ಇದೆ, ಪೆನ್ನಿನಲ್ಲಿ ಬರೆದ ಸಾಲುಗಳ ಪಕ್ಕ ಆಮೇಲೆ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುವ ಚಟವೂ ಇದೆ. ನಾನು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ತರಗತಿಯಲ್ಲಿ ಈಸೂರಿನ ಮಕ್ಕಳಿರುತ್ತಾರೆ. ನಲವತ್ತೆರಡನೇ ಇಸವಿಯ ಚಳವಳಿಯ ಪಾಠ ಬಂದರೆ ಒಬ್ಬೊಬ್ಬರ ಮುತ್ತಜ್ಜನೂ ಒಂದೊಂದು ಬೇರೆ ಕಥೆ ಹೇಳಿ ಹೋಗಿರುತ್ತಾನೆ. "ಹೇಳಿದವರು ಅಲ್ಲಿದ್ದರೇ? ಹಾಗೆ ಹೇಳಿದ್ದರಿಂದ ಅವರಿಗೇನು ಅನುಕೂಲ? ಅದನ್ನು ಕೇಳಿಕೊಳ್ಳಿ" ಎಂದು ನಾನು ಗಂಭೀರವಾಗಿ ಉಪದೇಶ ಮಾಡುತ್ತೇನೆ. ನನ್ನನ್ನೇ ಅದನ್ನು ಕೇಳಿಕೊಂಡಿದ್ದು ಮಾತ್ರ ಈಚೆಗೆ.

ಆದರೆ ಒಂದು ವಿಷಯದ ಪಕ್ಕ ಪೆನ್ಸಿಲ್ ಗುರುತು ಹಾಕುವ ಅಗತ್ಯವಿಲ್ಲ. ನನಗೆ ಸಿಟ್ಟು ಬಂದಿದೆ. ಇಳಿಯುತ್ತಿಲ್ಲ.

ಕಳೆದ ವಾರ ಅದು ಮತ್ತೆ ಏರಿದ್ದು ಶಿಕಾರಿಪುರದ ಬಸ್ ಸ್ಟ್ಯಾಂಡ್ ಹತ್ತಿರದ ಹೊಸ ಅಂಗಡಿಯಲ್ಲಿ. ಪಲಾವಿಗೆ ಬಟಾಣಿ ಬೇಕಿತ್ತು. ಫ್ರೀಜರಿನ ಗಾಜು ಸರಿಸಿದೆ. ಬಟಾಣಿಗೂ ಐಸ್‌ಕ್ರೀಮಿಗೂ ನಡುವೆ ಸೀಗಡಿಯ ಪ್ಯಾಕೆಟ್ಟು. ಮೇಲೆ ನಸುಗೆಂಪು ಬಣ್ಣದ, ಉಂಗುರದ ಹಾಗೆ ಬಾಗಿದ ಸೀಗಡಿಗಳ ಚಿತ್ರ, ಪಕ್ಕದಲ್ಲಿ ಅರ್ಧ ನಿಂಬೆಹಣ್ಣು, ಕೆಳಗೆ ಕನ್ನಡದಲ್ಲೇ ಬರೆದಿದ್ದರು: ಎಲ್ಲರ ಮೆಚ್ಚಿನ ಸೀಗಡಿ, ಯಾವ ಅಡುಗೆಗೂ ಸೈ. ನಾನು ಅದನ್ನು ಹಿಡಿದುಕೊಂಡು ನಿಂತುಬಿಟ್ಟೆ.

"ಮೇಡಂ, ಮುಚ್ಚ್ರಿ ಮೇಡಂ, ಐಸ್‌ಕ್ರೀಂ ಕರಗ್ತಾವೆ" ಎಂದಳು ಕೌಂಟರಿನ ಹುಡುಗಿ.

"ಎಲ್ಲರ ಮೆಚ್ಚಿನದಂತೆ!" ಎಂದೆ.

"ಹೂಂ ರೀ, ಭಾಳ ಹೋಗ್ತೈತಿ. ಭಾನುವಾರ ಉಳಿಯಾದೇ ಇಲ್ಲ. ಹಾಕ್ಲಾ?"

"ನಾನು ತಿಂದ್ರೆ ಸಾಯ್ತೀನಿ ಕಣಮ್ಮ."

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. "ಹಂಗಾದ್ರೆ ಬ್ಯಾಡ ಬಿಡ್ರಿ. ಚಿಕನ್ ನಗೆಟ್ಸ್ ಅದಾವೆ."

ವ್ಯಾಪಾರ ಗೊತ್ತಿರುವ ಹುಡುಗಿ.

ಯಾವ ಅಡುಗೆಗೂ ಸೈ ಎಂಬುದು ಸುಳ್ಳೇನಲ್ಲ, ಒಪ್ಪುತ್ತೇನೆ. ತಿನ್ನಬಾರದು ಎಂದು ಗೊತ್ತಾದ ಮೇಲೆ ನಾನು ಸೀಗಡಿಯ ಬಗ್ಗೆ ಎಷ್ಟು ತಿಳಿದುಕೊಂಡಿದ್ದೇನೆಂದರೆ, ತಿನ್ನುವವರಿಗೂ ಅಷ್ಟು ತಿಳಿದಿರಲಿಕ್ಕಿಲ್ಲ. ಬದನೆಕಾಯಿ, ನುಗ್ಗೆಕಾಯಿ, ಹಲಸಿನ ಬೀಜ, ಮಾವಿನಕಾಯಿ, ಯಾರ ಪಕ್ಕ ಕೂರಿಸಿದರೂ ಜಗಳವಾಡದೆ ಕೂರುತ್ತದೆ. ಒಣಗಿಸಿ ಡಬ್ಬಿಗೆ ತುಂಬಿದರೆ ಮಳೆಗಾಲ ಕಳೆಯುತ್ತದೆ. ಹುರಿದು ತೆಂಗಿನಕಾಯಿ, ಬ್ಯಾಡಗಿ ಮೆಣಸು, ಹುಣಸೆಹಣ್ಣು ಇಟ್ಟು ರುಬ್ಬಿದರೆ ಚಟ್ನಿ, ಅಕ್ಕಿಯೊಂದಿಗೆ ಬೇಯಿಸಿದರೆ ಬಿರಿಯಾನಿ, ಹಿಟ್ಟಿನಲ್ಲಿ ಅದ್ದಿ ಕರಿದರೆ ಬಾರುಗಳಲ್ಲಿ ತಟ್ಟೆಗೆ ಆರು ತುಂಡು. ಬೆನ್ನ ಮೇಲಿನ ಕಪ್ಪು ಎಳೆಯನ್ನು ಎಲ್ಲರೂ ನರ ಎನ್ನುತ್ತಾರೆ. ಅದು ಅದರ ಕರುಳು. ಬಾಣಲೆಯಲ್ಲಿ ಎರಡು ನಿಮಿಷ ಹೆಚ್ಚು ಬಿಟ್ಟರೆ ರಬ್ಬರಾಗುತ್ತದೆ. ನಮ್ಮ ಸ್ಟಾಫ್ ರೂಮಿನಲ್ಲಿ ಮಂಗಳವಾರ ಹೊನ್ನಾವರದ ಕಡೆಯ ಮೀನಿನ ಗಾಡಿಯ ಹಾರ್ನ್ ಕೇಳಿದರೆ ಪಾಠ ಅರ್ಧಕ್ಕೆ ನಿಲ್ಲಿಸಿ ಓಡುವವರು ಇದ್ದಾರೆ. ಹತ್ತು ವರ್ಷದ ಹಿಂದೆ ಇದೇ ಜನ ಮೂಗು ಮುಚ್ಚಿಕೊಳ್ಳುತ್ತಿದ್ದರು. ಈಗ ರೆಸಿಪಿ ಕಳಿಸುತ್ತಾರೆ, ಹೃದಯದ ಚಿಹ್ನೆ ಹಾಕಿ.

ಎಲ್ಲರ ಮೆಚ್ಚಿನ ಈ ಪದಾರ್ಥ ನನ್ನ ಹೂವಿ ಚಿಕ್ಕಮ್ಮನ ಕೈಯ ಅನ್ನವನ್ನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಯಾರೂ ಮುಟ್ಟದ ಹಾಗೆ ಮಾಡಿತು. ತಪ್ಪಾಯಿತು. ಸೀಗಡಿ ಮಾಡಲಿಲ್ಲ, ನಾವು ಮಾಡಿದೆವು. ನಾನು ಮಾಡಿದೆ.

ಹೂವಮ್ಮ ನನ್ನ ಅಮ್ಮನ ತಂಗಿ. ಅವಳನ್ನು ಕೊಟ್ಟಿದ್ದು ಸೊರಬ ತಾಲೂಕಿನಲ್ಲಿ, ಗುಡವಿಗೆ ಹೋಗುವ ದಾರಿಯಲ್ಲಿ ಒಂದು ಕೆರೆಯ ಪಕ್ಕದ ಊರಿಗೆ. ಅಮ್ಮನನ್ನು ಕೊಟ್ಟಿದ್ದು ಈಚೆ ಶಿಕಾರಿಪುರದ ಕಡೆ. ಎರಡೂ ಮನೆಯವರು ಒಂದೇ ಜನ, ಒಂದೇ ದೇವರಿಗೆ ನಡೆದುಕೊಳ್ಳುವವರು. ವ್ಯತ್ಯಾಸ ಒಂದೇ. ನಮ್ಮ ಅಜ್ಜ ಪಂಢರಾಪುರಕ್ಕೆ ಹೋಗಿ ಕೊರಳಿಗೆ ತುಳಸಿಮಣಿ ಹಾಕಿಸಿಕೊಂಡು ಬಂದಿದ್ದ. ಅವತ್ತಿನಿಂದ ನಮ್ಮ ಮನೆಗೆ ಮೀನು ಮಾಂಸ ಬರುವುದು ನಿಂತಿತು. ಮಣಿ ಅಜ್ಜನ ಕೊರಳಲ್ಲಿ, ಬಿಗಿದದ್ದು ಸೊಸೆಯ ಗಂಟಲಿಗೆ. ಕೆರೆಯ ದಂಡೆಯಲ್ಲಿ ಹುಟ್ಟಿ ಬೆಳೆದ ಅಮ್ಮ ಮದುವೆಯಾದ ದಿನದಿಂದ ಮೀನು ಬಿಟ್ಟಳು. ಬಿಟ್ಟಳು ಎಂದು ನಾವೆಲ್ಲ ಹೇಳುತ್ತಿದ್ದೆವು.

ಚಿಕ್ಕಮ್ಮನ ಊರಿನಲ್ಲಿ ಸೀಗಡಿಗೆ ಶೆಟ್ಲಿ ಎನ್ನುತ್ತಾರೆ. ಪ್ಯಾಕೆಟ್ಟಿನ ಚಿತ್ರದಲ್ಲಿದ್ದ ದಪ್ಪ ಸಮುದ್ರದ ಸೀಗಡಿ ಅಲ್ಲ. ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ, ಗಾಜಿನ ಹಾಗೆ ಪಾರದರ್ಶಕವಾದ, ನೀರಿನಲ್ಲಿ ಎರಡು ಕಪ್ಪು ಕಣ್ಣುಗಳು ಮಾತ್ರ ಓಡಾಡಿದಂತೆ ಕಾಣುವ ಕೆರೆಯ ಸೀಗಡಿ. ಬೇಸಿಗೆಯಲ್ಲಿ ನೀರು ಇಳಿದಾಗ ಊರ ಗಂಡಸರು ಕೂಣಿ ಎಂಬ ಬಿದಿರಿನ ಬುಟ್ಟಿ ಹಿಡಿದು ಹೋ ಎಂದು ಕೂಗುತ್ತ ಕೆರೆಗೆ ಬಿದ್ದು ದೊಡ್ಡ ಮೀನು ಹಿಡಿಯುತ್ತಾರೆ. ಅದಕ್ಕೆ ಕೆರೆಬೇಟೆ ಎಂದು ಹೆಸರು, ಹಬ್ಬದ ಮರ್ಯಾದೆ, ಈಗೀಗ ಡ್ರೋನಿನಲ್ಲಿ ವಿಡಿಯೋ ಕೂಡ. ಶೆಟ್ಲಿ ಹಿಡಿಯುವುದು ಹೆಂಗಸರ ಕೆಲಸ. ಅದಕ್ಕೆ ಹೆಸರಿಲ್ಲ. ಸೀರೆ ಎತ್ತಿ ಸೊಂಟಕ್ಕೆ ಕಟ್ಟಿ, ಮೊಣಕಾಲುದ್ದ ನೀರಿನಲ್ಲಿ ನಿಂತು, ಅಕ್ಕಿ ಜರಡಿಯನ್ನು ಜೊಂಡಿನ ಬುಡಕ್ಕೆ ಹಿಡಿದು, ಕಾಲಿನಿಂದ ಜೊಂಡನ್ನು ತುಳಿಯುತ್ತ ಮೆಲ್ಲಗೆ ಸರಿಯಬೇಕು. ಜರಡಿ ಎತ್ತಿದರೆ ಕಸ, ಕೆಸರು, ಒಂದೆರಡು ನೀರುಹುಳು, ಮತ್ತು ಟಪಟಪ ಎಂದು ಹಾರುವ ಶೆಟ್ಲಿ. ನಾನು ದಡದಲ್ಲಿ ಕೂತು ಕಸ ಆರಿಸಿ ಕೊಡುತ್ತಿದ್ದೆ. ಅವು ಅಂಗೈಯಲ್ಲಿ ಹಾರಿದಾಗ ಆಗುವ ಕಚಗುಳಿ ಇವತ್ತಿಗೂ ಅಂಗೈಗೆ ಗೊತ್ತಿದೆ. ಇದರ ಪಕ್ಕವೂ ಪೆನ್ಸಿಲ್ ಗುರುತು ಬೇಡ.

ಆ ದಿನ ಅಮ್ಮ, ನಾನು ಬೆಳಗಿನ ಬಸ್ಸಿಗೆ ಚಿಕ್ಕಮ್ಮನ ಮನೆಗೆ ಹೋಗಿದ್ದೆವು. ಚಿಕ್ಕಮ್ಮ ಶೆಟ್ಲಿ ಸಾರು ಮಾಡಿದ್ದಳು. ನಾನು ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತು ಉಂಡೆ. ಹಿಡಿಯುವುದನ್ನು ನೋಡಿದ್ದೆನೇ ಹೊರತು ತಿಂದದ್ದು ಅದೇ ಮೊದಲ ಸಲ. ಉಂಡು ಎದ್ದಾಗ ತುಟಿ ಚುರುಚುರು ಎನ್ನುತ್ತಿತ್ತು. ಖಾರಕ್ಕೆ ಎಂದುಕೊಂಡೆ. "ಮನೇಲಿ ಹೇಳ್ಬೇಡ ಹಾಂ" ಎಂದು ಯಾರೋ ಹೇಳಿದರು. ಯಾರು ಎಂಬುದಕ್ಕೆ ಆಮೇಲೆ ಬರುತ್ತೇನೆ. ವಾಪಸ್ಸು ಬರುವ ಬಸ್ಸಿನಲ್ಲಿ ಶಿರಾಳಕೊಪ್ಪ ದಾಟುವ ಹೊತ್ತಿಗೆ ಮೈಯೆಲ್ಲ ದದ್ದು. ಮನೆ ಮುಟ್ಟುವಾಗ ಕಣ್ಣು ಮುಕ್ಕಾಲು ಮುಚ್ಚಿಹೋಗಿತ್ತು, ತುಟಿ ಬಾಳೆಹಣ್ಣಿನಷ್ಟಾಗಿತ್ತು. ಹೊಟ್ಟೆ ಹಿಂಡುತ್ತಿತ್ತು.

ಅಜ್ಜಿ, ಅಪ್ಪನ ತಾಯಿ, ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು.

"ಯಾರ ಮನ್ಯಾಗ ಉಂಡಿ? ಖರೇ ಹೇಳು."

"ಹೂವಿ ಚಿಕ್ಕಮ್ಮನ ಮನೇಲಿ."

"ಏನ್ ಉಂಡಿ?"

ಗದ್ದದ ಮೇಲೆ ಹಿಡಿತ ಬಿಗಿಯಾಯಿತು. "ಚಿಕ್ಕಮ್ಮ ಹೇಳ್ಬೇಡ ಅಂದಿದಾಳೆ" ಎಂದೆ.

ಆ ಒಂದು ವಾಕ್ಯ ಸಾಕಾಯಿತು.

ನಮ್ಮ ಕಡೆಯವರಿಗೆ ಮದ್ದು ಹಾಕುವುದೆಂದರೆ ಏನೆಂದು ವಿವರಿಸಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೆಲವು ಹೆಂಗಸರು ಊಟದಲ್ಲಿ ಏನನ್ನೋ ಬೆರೆಸಿ ಉಣ್ಣಿಸುತ್ತಾರಂತೆ. ಅದು ಹೊಟ್ಟೆಯಲ್ಲಿ ಕೂತು ಬೆಳೆಯುತ್ತದಂತೆ. ಉಂಡವರು ಸೊರಗಿ ಸೊರಗಿ ಹೋಗುತ್ತಾರಂತೆ. ಹಾಕುವವರು ಸದಾ ಹೆಂಗಸರೇ, ಸದಾ ಚೆನ್ನಾಗಿ ಅಡುಗೆ ಮಾಡುವವರೇ. ಕೆಟ್ಟದಾಗಿ ಅಡುಗೆ ಮಾಡುವವಳ ಮೇಲೆ ಈ ಅಪವಾದ ಬಂದದ್ದನ್ನು ನಾನು ಕೇಳಿಲ್ಲ. ಯಾರೂ ಕಣ್ಣಾರೆ ನೋಡಿಲ್ಲ, ಎಲ್ಲರಿಗೂ ಗೊತ್ತು. ಅದನ್ನು ತೆಗೆಯುವವರೂ ಇದ್ದಾರೆ. ನಮ್ಮ ಮನೆಯಿಂದ ಎರಡು ಓಣಿ ಆಚೆಗೆ ಒಬ್ಬ ಮುದುಕಿ ಇದ್ದಳು. ದೀಪ ಹಚ್ಚುವುದಕ್ಕೆ ಮೊದಲೇ ನನ್ನನ್ನು ಅವಳ ಮುಂದೆ ಕೂರಿಸಿದರು. ಹಸಿರು ಬಣ್ಣದ ಯಾವುದೋ ಕಹಿ ರಸವನ್ನು ಮೂಗು ಹಿಡಿದು ಕುಡಿಸಿದರು. ಕರುಳು ಕಿತ್ತು ಬರುವ ಹಾಗೆ ವಾಂತಿ ಮಾಡಿದೆ. ಮುದುಕಿ ಅದರಲ್ಲಿ ಕಡ್ಡಿ ಆಡಿಸಿ, ಮೀಸೆಯಿದ್ದ, ಒಂದು ಕಣ್ಣಿದ್ದ ಏನನ್ನೋ ಎತ್ತಿ ತೋರಿಸಿದಳು.

"ನೋಡವ್ವಾ. ಜೀವ ತುಂಬಿ ಹಾಕ್ಯಾರೆ. ಹತ್ತಿರದ ಹೆಣ್ಣಿನ ಕೈಯೇ."

ಅದು ಶೆಟ್ಲಿ. ಶೆಟ್ಲಿ ತಿಂದವಳ ಹೊಟ್ಟೆಯಿಂದ ಶೆಟ್ಲಿ ಬಾರದೆ ತೆಂಗಿನಕಾಯಿ ಬರುತ್ತದೆಯೇ? ಆದರೆ ಮೀನು ಹೊಗದ ನಮ್ಮ ಮನೆಯಲ್ಲಿ ಅದರ ಮೀಸೆಯನ್ನು ನೋಡಿದ ದೊಡ್ಡವರು ಯಾರೂ ಇರಲಿಲ್ಲ. ಒಬ್ಬಳಿದ್ದಳು. ಅಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು.

"ನೀನೇನ್ ಉಂಡಿದ್ಯೇ ಅಲ್ಲಿ?" ಎಂದು ಅಜ್ಜಿ ತಿರುಗಿ ಕೇಳಿದಳು.

"ನಾನು ಮಜ್ಜಿಗೆ ಅನ್ನ ಉಂಡೆ ಅತ್ತೆ. ಹೂವಿ ಇವಳಿಗೆ ಏನು ಬಡಿಸಿದ್ಲೋ ನೋಡ್ಲಿಲ್ಲ."

ಬೆಳಗಾಗುವಷ್ಟರಲ್ಲಿ ನನ್ನ ಊತ ಇಳಿದಿತ್ತು. ಇಂಥ ಊತ ತಾನಾಗಿಯೇ ಇಳಿಯುತ್ತದೆ ಎಂದು ಈಗ ಗೊತ್ತು. ಆಗ ಅದೇ ರುಜುವಾತಾಯಿತು. ಮದ್ದು ಹೊರಗೆ ಬಂತು, ಮಗು ಉಳಿಯಿತು. ಅಜ್ಜಿ ಅದನ್ನು ಬಾವಿಕಟ್ಟೆಯಲ್ಲಿ ಹೇಳಿದಳು, ಸಂತೆಯಲ್ಲಿ ಹೇಳಿದಳು, ಮದುವೆ ಮನೆಗಳಲ್ಲಿ ಹೇಳಿದಳು. ಚಂದ್ರಗುತ್ತಿಯ ದೇವಸ್ಥಾನದ ಮೆಟ್ಟಿಲ ಮೇಲೆ ಸೊರಬದ ಕಡೆಯ ಹೆಂಗಸರು ಸಿಕ್ಕರೆ ಅವರಿಗೆ ಮೊದಲು ಇದನ್ನು ಹೇಳಿ ಆಮೇಲೆ ಕೈ ಮುಗಿಯುತ್ತಿದ್ದಳು. ನನ್ನನ್ನು ಮುಂದೆ ನಿಲ್ಲಿಸಿಕೊಳ್ಳುತ್ತಿದ್ದಳು, ಸಾಕ್ಷಿಗೆ. ನಾನೂ, ನಾಚಿಕೆಯಾಗುತ್ತದೆ ಹೇಳಲು, ಆ ಗಮನವನ್ನು ಸುಖಿಸುತ್ತಿದ್ದೆ. "ತುಟಿ ಇಷ್ಟು ದಪ್ಪ ಆಗಿತ್ತು" ಎಂದು ಬೆರಳಿನಲ್ಲಿ ತೋರಿಸುತ್ತಿದ್ದೆ. ವರ್ಷದಿಂದ ವರ್ಷಕ್ಕೆ ಬೆರಳುಗಳ ನಡುವಿನ ಅಂತರ ಹೆಚ್ಚಾಗುತ್ತಿತ್ತು.

ಅಜ್ಜಿ ತೀರಿಕೊಂಡು ಬಹಳ ಕಾಲವಾಯಿತು. ಅವಳ ಮೇಲೂ ನನಗೆ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ. ಬದುಕಿರುವವರು ಅನುಭವಿಸುತ್ತಿರುವಾಗ ಸತ್ತವರಿಗೇಕೆ ರಿಯಾಯಿತಿ?

ಚಿಕ್ಕಮ್ಮನಿಗೆ ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ, ಊರು ಬಿಡಿಸಲಿಲ್ಲ. ಎಲ್ಲರೂ ಮನೆಗೆ ಬರುತ್ತಿದ್ದರು, ಜಗಲಿಯಲ್ಲಿ ಕೂತು ನಗುತ್ತ ಮಾತಾಡುತ್ತಿದ್ದರು. ಉಣ್ಣುತ್ತಿರಲಿಲ್ಲ, ಅಷ್ಟೆ. ಒಬ್ಬರಿಗೆ ಉಪವಾಸ, ಇನ್ನೊಬ್ಬರಿಗೆ ಈಗಷ್ಟೇ ಊಟವಾಗಿದೆ, ಮತ್ತೊಬ್ಬರಿಗೆ ಹೊಟ್ಟೆ ಸರಿಯಿಲ್ಲ. ಬಾಳೆಹಣ್ಣು ಕೊಟ್ಟರೆ ತೆಗೆದುಕೊಳ್ಳುತ್ತಿದ್ದರು, ಸಿಪ್ಪೆ ಇರುತ್ತದಲ್ಲ. ಎಳನೀರಾದರೆ ಕತ್ತಿ ತಾವೇ ಇಸಿದುಕೊಂಡು ಕೆತ್ತುತ್ತಿದ್ದರು. ಶಾಲೆಯ ಬಿಸಿಯೂಟಕ್ಕೆ ಅಡುಗೆಯವರು ಬೇಕಾದಾಗ ಚಿಕ್ಕಮ್ಮ ಸೇರಿದ್ದಳು. ನಾಲ್ಕನೇ ದಿನ ಅರ್ಧ ಮಕ್ಕಳು ಮನೆಯಿಂದ ಡಬ್ಬಿ ತಂದರು. ಐದನೇ ದಿನ ಅವಳೇ ಹೋಗಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ನಾನು ಬಿ.ಎ. ಮಾಡಿದೆ, ಎಂ.ಎ. ಮಾಡಿದೆ, ಮೂಢನಂಬಿಕೆಯ ಬಗ್ಗೆ ಭಾಷಣ ಸ್ಪರ್ಧೆಯಲ್ಲಿ ಬಹುಮಾನ ತೆಗೆದುಕೊಂಡೆ, ಮತ್ತು ಚಿಕ್ಕಮ್ಮನ ಮನೆಗೆ ಹೋದಾಗ ಬಾಳೆಹಣ್ಣು ತಿಂದುಕೊಂಡು ಬಂದೆ.

ಈ ಜೂನ್ ತಿಂಗಳಲ್ಲಿ ಸಹೋದ್ಯೋಗಿಯೊಬ್ಬರು ಶಿವಮೊಗ್ಗದಲ್ಲಿ ಊಟ ಇಟ್ಟುಕೊಂಡಿದ್ದರು. ಸೀಗಡಿ ಬಿರಿಯಾನಿ. ನಾನು ಅಷ್ಟು ಕಾಲ ಅದರಿಂದ ದೂರವಿದ್ದವಳು, ಅವತ್ತು ಹಟಕ್ಕೆ ತಿಂದೆ. "ಹಳೆಯ ಹೆದರಿಕೆ ಬಿಡಬೇಕು" ಎಂದು ಮನಸ್ಸಿನಲ್ಲೇ ದೊಡ್ಡ ಮಾತಾಡಿಕೊಂಡೆ. ಅರ್ಧ ತಟ್ಟೆ ಮುಗಿಯುವಷ್ಟರಲ್ಲಿ ತುಟಿ ಚುರುಚುರು. ಆಮೇಲೆ ಗಂಟಲು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟ ಡಾಕ್ಟರು, ನನ್ನ ವಿದ್ಯಾರ್ಥಿನಿಯಷ್ಟು ವಯಸ್ಸಿನ ಹುಡುಗಿ, ಕೇಳಿದಳು: "ಮೊದಲು ಯಾವಾಗಾದ್ರೂ ಸೀಗಡಿ ತಿಂದು ಹೀಗಾಗಿತ್ತಾ?"

"ಚಿಕ್ಕವಳಿದ್ದಾಗ. ಆಗ ಅದು ಮದ್ದು ಅಂತ..." ಎಂದೆ.

"ಅಲರ್ಜಿ ಅದು. ಕೆಲವರಿಗೆ ಆಗಲ್ಲ. ಸೀಗಡಿ, ಏಡಿ ಇನ್ಮೇಲೆ ಮುಟ್ಟಬೇಡಿ" ಎಂದು ಚೀಟಿಯಲ್ಲಿ ಬರೆದಳು. ಅರ್ಧ ನಿಮಿಷದ ಮಾತು. ಇಷ್ಟು ಸುಲಭಕ್ಕೆ ಮುಗಿಯುವ ಮಾತಿಗೆ ಒಬ್ಬ ಹೆಂಗಸಿನ ಅರ್ಧ ಆಯುಷ್ಯ ಹೋಗಿತ್ತು.

ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದೆ. ಜೀವಶಾಸ್ತ್ರ ಪಾಠ ಮಾಡುವ ಮೇಡಂ ಪೂರ್ತಿ ಕೇಳಿ, ಕಣ್ಣೀರು ತಂದುಕೊಂಡು, ಕೊನೆಗೆ ಮೆಲ್ಲಗೆ ಅಂದರು: "ಪಾಪ, ನಿಮ್ಮ ಚಿಕ್ಕಮ್ಮ ಅಂಥವರಲ್ಲ ಬಿಡಿ. ಆದ್ರೆ ಹಾಕೋರು ಇದಾರೆ ರೀ. ನಮ್ಮ ಅತ್ತಿಗೆ ತೌರಿನ ಕಡೆ ಒಬ್ರು..." ನಾನು ಚಾಕ್‌ಪೀಸ್ ಡಬ್ಬಿ ತೆಗೆದುಕೊಂಡು ತರಗತಿಗೆ ಹೋದೆ. ಆ ಹೊತ್ತಿಗೆ ನನಗೆ ತರಗತಿ ಇರಲಿಲ್ಲ. ಖಾಲಿ ಕೋಣೆಯಲ್ಲಿ ಕೂತು ಬಂದೆ.

ಮುಂದಿನ ಭಾನುವಾರ ಚಿಕ್ಕಮ್ಮನ ಊರಿಗೆ ಹೋದೆ. ಹೋದ ಕೂಡಲೇ ಅವಳು ಒಳಗಿನಿಂದ ಒಂದು ಬಿಸ್ಕತ್ತಿನ ಪ್ಯಾಕೆಟ್ಟು, ಮುಚ್ಚಳ ತೆಗೆಯದ ಜ್ಯೂಸಿನ ಬಾಟಲಿ, ಒಂದು ಕತ್ತರಿ ತಂದು ನನ್ನ ಮುಂದಿಟ್ಟಳು. "ಕತ್ತರಿಸ್ಕ" ಎಂದಳು. ಬಂದವರೆಲ್ಲರಿಗೂ ಅವಳು ಹೀಗೆಯೇ ಕೊಡುವುದು. ಬಾಳೆಹಣ್ಣಿನ ಕಾಲ ಮುಗಿದು ಪ್ಯಾಕೆಟ್ಟಿನ ಕಾಲ ಬಂದಿತ್ತು. ಕತ್ತರಿಯನ್ನು ನಾನು ಮೊದಲೂ ಎಷ್ಟೋ ಸಲ ನೋಡಿದ್ದೆ. ಅದು ಯಾಕಿದೆ ಎಂದು ಅವತ್ತು ಮೊದಲ ಸಲ ಹೊಳೆಯಿತು.

"ಚಿಕ್ಕಮ್ಮ, ಅನ್ನ ಹಾಕು" ಎಂದೆ.

ಅವಳು ನನ್ನನ್ನೇ ನೋಡಿದಳು. "ಎಂತಕ್ಕೆ?"

"ಹಸಿವಾಗಿದೆ. ಶೆಟ್ಲಿ ಒಂದು ಬಿಟ್ಟು ಏನಿದ್ರೂ ಹಾಕು."

"ಶೆಟ್ಲಿ ಯಾರ್ ಹಿಡೀತಾರೆ ಈಗ, ಮಂಡಿ ನೋವು ಇಟ್ಕಂಡು" ಎನ್ನುತ್ತ ಎದ್ದಳು. ಹುರುಳಿ ಸಾರು, ಅನ್ನ, ಉಪ್ಪಿನಕಾಯಿ. ನಾನು ಉಣ್ಣುವಷ್ಟು ಹೊತ್ತೂ ಎದುರಿಗೆ ಕೂತು, ಕರು ಹಾಕಿದ ಆಕಳನ್ನು ನೋಡುವ ಹಾಗೆ ನೋಡುತ್ತಿದ್ದಳು. ಉಣ್ಣುತ್ತಲೇ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ನಕ್ಕಳು.

"ಹಂಗಾರೆ ನಿನ್ನ ಮೈಯ್ಯೇ ಸರಿ ಇಲ್ಲ ಅನ್ನು. ನನ್ನ ಸಾರು ಸರಿ ಇತ್ತು."

"ಚಿಕ್ಕಮ್ಮ, ನೀನು ಹೇಳ್ಬೇಡ ಅಂದಿದ್ದೆ ಅಂತ ನಾನು ಅಜ್ಜಿಗೆ ಹೇಳ್ದೆ. ಅದಕ್ಕೇ..."

"ನಾನ್ಯಾಕೆ ಹಂಗಂತೀನಿ ಮಾರಾಯ್ತಿ? ನನ್ನ ಮನೆಯಾಗೆ ನಾನು ಶೆಟ್ಲಿ ಮಾಡಾಕೆ ಯಾರ ಅಪ್ಪಣೆ ಬೇಕು? ಹೇಳ್ಬೇಡ ಅಂದಿದ್ದು ನಿಮ್ಮವ್ವ."

"ಅಮ್ಮನಿಗೇನು? ಅವಳು ಮಜ್ಜಿಗೆ ಅನ್ನ ಉಂಡಿದ್ದು."

"ಮಜ್ಜಿಗೆ!" ಚಿಕ್ಕಮ್ಮನಿಗೆ ಈಗ ನಿಜವಾಗಿ ನಗು ಬಂತು. "ಆ ವರ್ಷ ನಮ್ಮನೆಯಾಗೆ ಎಮ್ಮೆ ಎಲ್ಲಿತ್ತೇ? ಇದ್ದ ಒಂದೆಮ್ಮೆ ದೀಪಾವಳಿ ಕಳೆದ್ ಮೇಲೆ ಹೋಗಿತ್ತು. ಮಜ್ಜಿಗೆ ಆಕಾಶದಿಂದ ಬರ್ಬೇಕಿತ್ತು. ನಿನ್ನ ಪಕ್ಕದಾಗೇ ಕೂತು ಎರಡು ಸಲ ಹಾಕಿಸ್ಕಂಡ್ಲು. ಮದುವೆ ಆದ್ಮೇಲೆ ಮೊದಲ್ನೇ ಸಲ ಬಾಯಿಗೆ ರುಚಿ ಹತ್ತಿದ್ದು ಕಣೇ ಹೂವೀ ಅಂದ್ಲು. ತಟ್ಟೆ ನೆಕ್ಕಿದ್ಲು."

ಚಿಕ್ಕಮ್ಮನ ನೆನಪೂ ತಪ್ಪಿರಬಹುದು. ಅದನ್ನೂ ಬರೆದಿಡುತ್ತೇನೆ. ಮೂವತ್ತು ವರ್ಷ ಒಂದು ಗಾಯವನ್ನು ಉಜ್ಜಿಕೊಂಡವಳು ತನಗೆ ಬೇಕಾದ ಹಾಗೆ ನೆನಪನ್ನು ಕಟ್ಟಿಕೊಂಡಿರಬಹುದು. ಆದರೆ ಎಮ್ಮೆಯನ್ನು ಸುಮ್ಮನೆ ಕಟ್ಟಲಾಗುವುದಿಲ್ಲ. ಆಕೆ ಬೇರೇನೂ ಹೇಳದೆ ಎಮ್ಮೆ ಇರಲಿಲ್ಲ ಎಂದಷ್ಟೇ ಹೇಳಿದ್ದರೂ ನಾನು ನಂಬುತ್ತಿದ್ದೆ.

"ಇದನ್ನ ಅವತ್ತೇ ಯಾಕೆ ಹೇಳ್ಲಿಲ್ಲ? ಅಕ್ಕನೂ ಉಂಡಿದಾಳೆ, ಅವಳಿಗೇನೂ ಆಗಿಲ್ಲ ಅಂದಿದ್ರೆ ಅಲ್ಲಿಗೇ ಮುಗೀತಿತ್ತು!" ನನ್ನ ದನಿ ಏರಿತ್ತು.

"ನನಗೆ ಮುಗೀತಿತ್ತು. ಅವಳಿಗೆ ಶುರುವಾಗ್ತಿತ್ತು" ಎಂದಳು. "ನಿಮ್ಮಜ್ಜಿ ಅವಳನ್ನ ಮನೇಲಿ ಇಟ್ಕಂತಿದ್ಲಾ? ಮಣಿ ಹಾಕಿದ ಮನೆ. ನಿನಗೆ ಜಡೆ ಹಾಕಾಕೆ ಯಾರಿರ್ತಿದ್ರು? ನಾಲ್ಕು ದಿನ ಜನ ಆಡ್ಕತಾರೆ, ಆಮೇಲೆ ಅಕ್ಕನೇ ಏನಾರ ಹೇಳ್ತಾಳೆ ಅಂದ್ಕಂಡೆ. ನಾಲ್ಕು ದಿನ ಸ್ವಲ್ಪ ಉದ್ದ ಆತು." ಆಮೇಲೆ ನನ್ನ ತಟ್ಟೆ ನೋಡಿ, "ಸಾರು ಹಾಕ್ಲಾ?" ಎಂದಳು.

ಅವಳಿಗೆ ಡಾಕ್ಟರ ಚೀಟಿ ಬೇಕಿರಲಿಲ್ಲ, ನನ್ನ ಕ್ಷಮೆಯೂ ಬೇಕಿರಲಿಲ್ಲ. ಬೇಕಿದ್ದದ್ದು ಒಂದೇ. ಅವಳ ಮಗಳು ಈಗ ಏಳು ತಿಂಗಳ ಬಸುರಿ. ಬರುವ ತಿಂಗಳು ತವರಿನಲ್ಲಿ ಬಯಕೆ ಊಟ. ಬಯಕೆ ಊಟ ಎಂದರೆ ತಾಯಿ ತನ್ನ ಕೈಯಾರೆ ಮಗಳಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಬಡಿಸುವುದು. ಮಗಳ ಗಂಡನ ಮನೆಯವರಿಗೆ ಮದ್ದಿನ ಸುದ್ದಿ ಮುಟ್ಟಿದೆ. ಬಹಳ ನಯವಾಗಿ ಹೇಳಿಕಳಿಸಿದ್ದಾರೆ: ನಿಮಗ್ಯಾಕೆ ಈ ವಯಸ್ಸಿನಲ್ಲಿ ತೊಂದರೆ, ಅಡುಗೆ ನಾವೇ ಮಾಡಿಸಿಕೊಂಡು ಗಾಡಿಯಲ್ಲಿ ತರುತ್ತೇವೆ.

"ಅಕ್ಕ ಬಂದು ಅವರೆದ್ರಿಗೆ ಮೊದಲ್ನೇ ಎಲೆಗೆ ಕೂತು ನಾನು ಮಾಡಿದ್ದು ಉಂಡ್ರೆ ಸಾಕು" ಎಂದಳು ಚಿಕ್ಕಮ್ಮ. "ಒಡಹುಟ್ಟಿದೋಳೇ ಉಂಡ್ಲು ಅಂದ್ರೆ ಅವರೂ ಉಣ್ತಾರೆ. ಬೇರೇನೂ ಹೇಳ್ಬೇಡ ಅವಳಿಗೆ. ಅವತ್ತಿನ ಸುದ್ದಿ ಎತ್ತಬೇಡ. ಬಂದು ಉಣ್ಲಿ, ಸಾಕು."

ಅಮ್ಮ ಈಗ ಶಿಕಾರಿಪುರದಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾಳೆ. ಅಜ್ಜ ಅಜ್ಜಿ ಇಲ್ಲ, ಅಪ್ಪನೂ ಇಲ್ಲ, ಮಣಿಯೂ ಇಲ್ಲ. ತಮ್ಮನ ಹೆಂಡತಿ ವಾರಕ್ಕೆರಡು ಸಲ ಕೋಳಿ ಮಾಡುತ್ತಾಳೆ, ಮೊಮ್ಮಕ್ಕಳು ಮೊಬೈಲಿನಲ್ಲಿ ಮೀನು ತರಿಸುತ್ತಾರೆ. ಹೆದರಬೇಕಾದವರು ಯಾರೂ ಉಳಿದಿಲ್ಲ. ಅಮ್ಮ ಮಾತ್ರ ಪ್ರತ್ಯೇಕ ಬೇಳೆಸಾರು ಮಾಡಿಕೊಂಡು ಉಣ್ಣುತ್ತಾಳೆ. "ಎಷ್ಟು ನೇಮದ ಹೆಂಗಸು" ಎಂದು ಬೀದಿಯವರು ಹೊಗಳುತ್ತಾರೆ.

ನಾನು ಹೋದಾಗ ಮಧ್ಯಾಹ್ನ. ಅಮ್ಮ ಹಜಾರದಲ್ಲಿ ಕೂತು ಮೆಂತ್ಯೆಸೊಪ್ಪು ಬಿಡಿಸುತ್ತಿದ್ದಳು. ಮೊದಲು ಅಲರ್ಜಿಯ ವಿಷಯ ಹೇಳಿದೆ. "ಹಂಗಾ" ಎಂದಳು. "ಇನ್ನೇನು, ಹುಷಾರಾಗಿರು. ಹೊರಗಡೆ ಸಿಕ್ಕಿದ್ದೆಲ್ಲ ತಿನ್ಬೇಡ."

"ಮದ್ದು ಅಲ್ಲ ಅದು ಅಂತ ಗೊತ್ತಾಯ್ತಲ್ಲ ಅಮ್ಮ."

"ಯಾರು ಅಂದ್ರು ಮದ್ದು ಅಂತ? ನಾನಂತೂ ಒಂದಿನ ಅಂದಿಲ್ಲ."

ನಿಜ. ಅವಳು ಒಂದು ದಿನವೂ ಅಂದಿರಲಿಲ್ಲ. ಆ ಮಾತಿನ ಸತ್ಯಕ್ಕೇ ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಚಿಕ್ಕಮ್ಮನ ಮಾತು ನೆನೆದು, ಬಯಕೆ ಊಟದ ವಿಷಯವನ್ನಷ್ಟೇ ಹೇಳಿದೆ. ಮೊದಲ ಎಲೆಗೆ ಕೂತು ಉಣ್ಣಬೇಕು, ಅಷ್ಟೇ ಎಂದೆ.

"ನೋಡಾಣ" ಎಂದ ಅಮ್ಮ ಸೊಪ್ಪಿನ ಬೇರುಗಳನ್ನು ಒಂದು ಪಕ್ಕಕ್ಕೆ ಸರಿಸಿದಳು. "ಅಷ್ಟು ದೂರ ಬಸ್ಸಿನಾಗೆ ಕೂರಾಕೆ ಆಗಲ್ಲ."

"ಕಾರು ತರ್ತೀನಿ."

"ಅಲ್ಲಿ ಅವರು ಅದೂ ಇದೂ ಮಾಡಿರ್ತಾರೆ. ನಾನು ತಿನ್ನಾದಿಲ್ಲ, ಬಿಟ್ಟೀನಿ ಅಂತ ನಿನಗೆ ಗೊತ್ತಿಲ್ಲಾ?"

"ಹುರುಳಿ ಸಾರು ಮಾಡ್ತಾಳೆ. ಹೋಳಿಗೆ ಮಾಡ್ತಾಳೆ. ಅದೇ ಉಣ್ಣು."

"ಹೋಗಿ ಸೀರೆ ಕೊಟ್ಟು ಬರಾಣ. ಎರಡು ಬಾಳೆಹಣ್ಣು ತಗಂಡ್ರೆ ಆತು."

ಬಾಳೆಹಣ್ಣು! ಮೂವತ್ತು ವರ್ಷ ಊರಿನವರೆಲ್ಲ ತಿಂದ ಬಾಳೆಹಣ್ಣು ಇವಳಿಗೂ ಸಾಕಂತೆ. ಯಾರಿಗೆ ಎಲ್ಲ ಗೊತ್ತಿತ್ತೋ ಅವಳಿಗೆ. ಇಲ್ಲಿ ನಾನು ನಿಲ್ಲಬೇಕಿತ್ತು. ಚಿಕ್ಕಮ್ಮ ಕೇಳಬೇಡ ಎಂದದ್ದನ್ನು ಕೇಳುವ ಹಕ್ಕು ನನಗೆ ಯಾರು ಕೊಟ್ಟರು ಎಂದು ಇವತ್ತು ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಗಂಡನ ಮನೆಯಲ್ಲಿ ಒಂದು ತಟ್ಟೆ ಸಾರಿಗೆ ಹೆದರಿ ಬದುಕಿದ ಹೆಂಗಸಿನ ಮೇಲೆ ಹರಿಹಾಯುವುದು ನನಗೆ ಸುಲಭ; ನನ್ನ ತಟ್ಟೆಯಲ್ಲಿ ಏನಿದೆ ಎಂದು ಕೇಳುವವರು ಯಾರೂ ಇಲ್ಲ. ಎಂಟು ವರ್ಷದ ನಾನು ಸುಳ್ಳು ಸಾಕ್ಷಿ ಹೇಳಿದೆ, ನಲವತ್ತರವರೆಗೆ ಅದನ್ನೇ ಹೇಳಿಕೊಂಡು ತಿರುಗಿದೆ. ಅಮ್ಮ ಸುಮ್ಮನಿದ್ದಳು. ಎರಡರಲ್ಲಿ ಯಾವುದು ಹೆಚ್ಚು ಎಂದು ತೂಗಲು ನಾನು ಯೋಗ್ಯಳಲ್ಲ. ಇದೆಲ್ಲ ಈಗ ಹೊಳೆಯುತ್ತಿದೆ. ಆಗ ಹೊಳೆಯಲಿಲ್ಲ. ಆಗ ಕೇಳಿಬಿಟ್ಟೆ.

ಅಮ್ಮ ತಲೆ ಎತ್ತಲಿಲ್ಲ. ಬಿಡಿಸಿಟ್ಟ ಸೊಪ್ಪನ್ನೇ ಮತ್ತೆ ಎತ್ತಿಕೊಂಡು, ಎಲೆಯೇ ಇಲ್ಲದ ದಂಟುಗಳನ್ನು ಒಂದೊಂದಾಗಿ ಮುರಿಯತೊಡಗಿದಳು. ನಾನು ಅರ್ಧ ಗಂಟೆ ಕಾದೆ. ಆಮೇಲೆ ಎರಡು ಸಲ ಹೋಗಿ ಬಂದಿದ್ದೇನೆ. ಮೊಮ್ಮಕ್ಕಳ ಪರೀಕ್ಷೆ, ಸೊಸೆಯ ತಲೆನೋವು, ಎದುರು ಮನೆಯ ನಾಯಿ, ಎಲ್ಲದರ ಬಗ್ಗೆಯೂ ಮಾತಾಡುತ್ತಾಳೆ. ಬಯಕೆ ಊಟಕ್ಕೆ ಇನ್ನು ಹನ್ನೆರಡು ದಿನ ಇದೆ. ಅವರ ಗಾಡಿಯ ಅಡುಗೆ ಬರುತ್ತದೋ ಚಿಕ್ಕಮ್ಮ ಒಲೆ ಹಚ್ಚುತ್ತಾಳೋ ಗೊತ್ತಿಲ್ಲ. ನಾನು ಕೇಳಿದ್ದು ಇಷ್ಟೇ:

"ಅಮ್ಮಾ, ಅವತ್ತು ನೀನೂ ಅದೇ ಸಾರನ್ನ ಎರಡು ಸಲ ಹಾಕಿಸ್ಕೊಂಡು ಉಂಡಿದ್ಯಲ್ಲ, ಅಜ್ಜಿ ಹೋಗಿ ಇಷ್ಟು ವರ್ಷ ಆದ್ಮೇಲೂ, ನನಗೇನೂ ಆಗ್ಲಿಲ್ಲ ಅನ್ನೋ ಒಂದು ಮಾತನ್ನ ಯಾಕೆ ಯಾರಿಗೂ ಹೇಳ್ಲಿಲ್ಲ?"